ಇನಾರಿಯ ಭಾಷೆ ಗೂಡು

ಹೋದ ಚಳಿಗಾಲ ಫಿನ್ಲೆಂಡಿನ ಔಲುವಿಂದ ಕಾರಲ್ಲಿ ಉತ್ತರಕ್ಕೆ, ಇನಾರಿಗೆ ಹೋಗಿದ್ವಿ. ದಾರೀಲಿ ಬೋರ್ಡ್ ಮೇಲೆ ಒಂದೇ ಊರಿನ ಹೆಸರು ನಾಲ್ಕು ಸಲ, ಒಂದು ಫಿನ್ನಿಶ್, ಉಳಿದ ಮೂರು ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬೇರೆ ಬೇರೆ ಭಾಷೆಗಳಲ್ಲಿ. "ಯಾಕಮ್ಮಾ ನಾಲ್ಕು?" ಅಂದ್ಲು ಮಗಳು. ನಂಗೆ ಆಗ ಸರಿಯಾಗಿ ಹೇಳಕ್ಕಾಗ್ಲಿಲ್ಲ, ಮನೆಗೆ ಬಂದು ಓದಿದ್ಮೇಲೆ ಸುಮ್ನಿರಕ್ಕೂ ಆಗ್ತಿಲ್ಲ.

ಆ ಮೂರರಲ್ಲಿ ಒಂದು ಇನಾರಿ ಸಾಮಿ. ಅದು ಇನಾರಿ ಅನ್ನೋ ದೊಡ್ಡ ಸರೋವರದ ಸುತ್ತಮುತ್ತಲಿನವರ ಭಾಷೆ, ಆಡೋರು ಕೆಲವೇ ನೂರು ಜನ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಮಕ್ಕಳನ್ನ ಹಾಸ್ಟೆಲ್ ಇರೋ ಸ್ಕೂಲುಗಳಿಗೆ ಕಳಿಸಿದ್ರು, ಅಲ್ಲಿ ಪಾಠ ಎಲ್ಲ ಫಿನ್ನಿಶ್, ಆ ಮಕ್ಕಳೇ ದೊಡ್ಡವರಾಗಿ ತಮ್ಮ ಮಕ್ಕಳ ಹತ್ರ ಫಿನ್ನಿಶ್ಶೇ ಆಡಿದ್ರು, ಹಂಗಾಗಿ 1990ರ ದಶಕಕ್ಕೆ ಆ ಭಾಷೆ ಬರೋ ಮಕ್ಕಳು ಬೆರಳೆಣಿಕೆಯಷ್ಟು.

ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಜನ ತಮ್ಮ ಭಾಷೆಗೋಸ್ಕರ 1982ರಲ್ಲಿ ಶುರು ಮಾಡಿದ್ದನ್ನ ನೋಡಿ ಇನಾರಿ ಸಾಮಿಯವರ ಭಾಷಾ ಸಂಘ 1997ರಲ್ಲಿ ಒಂದು 'ಭಾಷೆ ಗೂಡು' ತೆರೀತು. ಗೂಡು ಅಂದ್ರೆ ಡೇಕೇರೇ. ಆದ್ರೆ ಅಲ್ಲಿ ಮಗು ಫಿನ್ನಿಶ್‌ನಲ್ಲಿ ಏನೇ ಕೇಳಿದ್ರೂ ದೊಡ್ಡವರ ಉತ್ತರ ಮೊದಲ ದಿನದಿಂದ ಇನಾರಿ ಸಾಮೀಲೇ. ಊಟಕ್ಕೆ ಕರೆಯೋದು, ಬೂಟು ಹಾಕ್ಸೋದು, ಬಿದ್ದು ಅತ್ತಾಗ ಸಮಾಧಾನ ಮಾಡೋದು, ಎಲ್ಲಾ ಅದ್ರಲ್ಲೇ. ಪಾಠ ಅಂತ ಏನೂ ಇಲ್ಲ, ಕೇಳ್ತಾ ಕೇಳ್ತಾ ಬಾಯಿಗೆ ಬರತ್ತೆ. ಆ ಭಾಷೇಲಿ 'ನಾವಿಬ್ಬರೇ' ಅನ್ನಕ್ಕೆ 'ಮುವೊಯ್' ಅಂತ ಬೇರೆ ಪದಾನೇ ಇದೆ, ಮೂರ್ನಾಲ್ಕು ಜನ ಆದ್ರೆ 'ಮಿಯ್'. ಎಷ್ಟು ಚೆಂದ ಅಲ್ವಾ, ಇದು ವ್ಯಾಕರಣದ ಪುಸ್ತಕ ನೋಡಿ ಕಲಿಯೋದಕ್ಕಿಂತ ಜೊತೇಲಿ ಆಡೋ ಗೆಳತಿ ಬಾಯಲ್ಲಿ ಕೇಳಿ ಬರಬೇಕು.

ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಮಾತ್ರ ಆಮೇಲಿಂದು. ಅಜ್ಜಿ ತಾತಂಗೆ ಭಾಷೆ ಗೊತ್ತು, ಗೂಡಿನ ಮಕ್ಕಳಿಗೂ ಬಂತು, ನಡುವಿನ ಅಪ್ಪ ಅಮ್ಮಂದಿರಿಗೇ ಬರಲ್ಲ! ಟೀಚರ್‌ಗಳು ಎಲ್ಲಿಂದ ಬರ್ಬೇಕು? ಅದಕ್ಕೆ 2009-10ರಲ್ಲಿ ದೊಡ್ಡವರಿಗೇ ಒಂದು ವರ್ಷದ ಕೋರ್ಸ್ ಮಾಡಿದ್ರು, ಬೆಂಚಲ್ಲಿ ಕೂತು ಓದೋದಷ್ಟೇ ಅಲ್ಲ, ಹಿರಿಯರ ಜೊತೆ ಮೀನು ಹಿಡಿಯಕ್ಕೆ ಹೋಗೋದು, ಅವ್ರ ಅಡುಗೆಮನೇಲಿ ಅಡುಗೆ ಮಾಡೋದು, ಹಂಗೇ ಮಾತು ಕಲಿಯೋದು. ಹೀಗೆ ಕಲಿತವರಲ್ಲಿ ಕೆಲವರು ಗೂಡಿಗೆ, ಸ್ಕೂಲಿಗೆ ಕೆಲಸಕ್ಕೆ ಸೇರಿದ್ರು. ಮಕ್ಕಳಿಗೆ ಭಾಷೆ ಕಲಿಸ್ಬೇಕು ಅಂತ ದೊಡ್ಡವರು ಮತ್ತೆ ಮೊದಲಿಂದ ಮಾತು ಕಲಿತ್ರಲ್ಲ, ಅದನ್ನ ಓದುವಾಗ ನಂಗೆ ಕಣ್ಣು ತುಂಬಿ ಬಂತು.

ಗೂಡುಗಳಿಗೆ ಭಾಷೆ ಬರೋ ಸಿಬ್ಬಂದಿ ಸಿಗೋದು ಈಗ್ಲೂ ಸುಲಭ ಇಲ್ಲ. ಮಗಳಿಗೆ ಇದನ್ನೆಲ್ಲ ಹೇಳಿದೆ. ಒಂದ್ನಿಮಿಷ ಸುಮ್ನಿದ್ದು, "ಹಂಗಾದ್ರೆ ಆ ಅಜ್ಜಿಗಳು ಇಷ್ಟು ದಿನ ಮನೇಲಿ ಯಾರ್ ಹತ್ರ ಮಾತಾಡ್ತಿದ್ರು?" ಅಂದ್ಲು.