ನಾಟಕಕ್ಕೆ ಟಿಕೆಟ್ ಇಟ್ಟ ಭಾನುವಾರ

ಕಾಸರಗೋಡಿನಲ್ಲಿ ಕನ್ನಡ ನಾಟಕಕ್ಕೆ ಟಿಕೆಟ್ ಇಡುವುದೆಂದು ನಮ್ಮ ಬಳಗದ ಸಭೆಯಲ್ಲಿ ತೀರ್ಮಾನವಾದಾಗ ಹಿರಿಯರೊಬ್ಬರು, "ಹಾಗಾದ್ರೆ ಕುರ್ಚಿ ಕಮ್ಮಿ ತರಿಸಿ ಮಾಷ್ಟ್ರೇ, ಬಾಡಿಗೆಯಾದ್ರೂ ಉಳೀತದೆ" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಬಳಗದ ಕೋಶಾಧಿಕಾರಿಯಾಗಿ ರಶೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿಳಿದ ನನಗೂ ಈ ಊರಿನವರ ಕೈ ಯಾವುದಕ್ಕೆ ಬಿಚ್ಚುತ್ತದೆ, ಯಾವುದಕ್ಕೆ ಬಿಚ್ಚುವುದಿಲ್ಲ ಎಂಬುದು ತಕ್ಕಮಟ್ಟಿಗೆ ತಿಳಿದಿತ್ತು. ವಂತಿಗೆ ಕೇಳಿದರೆ ಇಲ್ಲವೆನ್ನುವವರು ಕಡಿಮೆ, ಟಿಕೆಟ್ ಎಂದರೆ ಮುಖ ಸಣ್ಣದಾಗುತ್ತದೆ.

ಇದಕ್ಕೆ ಕಾರಣ ಜಿಪುಣತನವೆಂದು ನಾನು ಹೇಳಲಾರೆ. ನಮ್ಮದು ಯಕ್ಷಗಾನದ ಸೀಮೆ. ಕುಂಬಳೆಯ ಪಾರ್ತಿಸುಬ್ಬನ ಪದಗಳನ್ನು ಇಂದಿಗೂ ಹಾಡುವ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಮಾತುಮಾತಿಗೆ ನೆನೆಯುವ ಜನ ನಾವು. ಇಲ್ಲಿ ಆಟವೆಂದರೆ ಬಹುತೇಕ ಹರಕೆಯ ಆಟ. ಯಾವುದೋ ಮನೆಯವರು ದೇವರಿಗೆ ಹೇಳಿಕೊಂಡಿರುತ್ತಾರೆ, ಮೇಳಕ್ಕೆ ವೀಳ್ಯ ಕೊಡುತ್ತಾರೆ, ಬಂದವರಿಗೆ ಊಟವನ್ನೂ ಹಾಕುತ್ತಾರೆ, ಊರವರು ಬೆಳಗಿನವರೆಗೆ ಕುಳಿತು ನೋಡಿ ಎದ್ದುಹೋಗುತ್ತಾರೆ. ಡೇರೆ ಹಾಕಿ ಟಿಕೆಟ್ ಮಾರಿ ಆಡುತ್ತಿದ್ದ ಮೇಳಗಳ ಕಾಲವೂ ಒಂದಿತ್ತು, ಅದು ಹಿಂದೆ ಸರಿದು ಹರಕೆಯ ಮೇಳಗಳು ಉಳಿದವು. ಹೀಗೆ ರಂಗದ ಮೇಲಿನದ್ದು ಬಿಟ್ಟಿಯಾಗಿ ಸಿಗುವುದು ಪುಣ್ಯದ ಕೆಲಸದ ಒಂದು ಭಾಗವೆಂದೇ ತಲೆಮಾರುಗಳಿಂದ ನಂಬಿಕೊಂಡು ಬಂದವರ ನಡುವೆ ಹವ್ಯಾಸಿ ನಾಟಕದ ಪಾಡು ವಿಚಿತ್ರವಾದುದು. ಅದಕ್ಕೆ ಹರಕೆ ಹೊರುವ ದೇವರಿಲ್ಲ.

ಟಿಕೆಟ್ ಪುಸ್ತಕ ಹಿಡಿದು ಬದಿಯಡ್ಕದ ಕಡೆಯ ಒಬ್ಬ ಅಡಿಕೆ ಕೃಷಿಕರ ಮನೆಗೆ ಹೋಗಿದ್ದೆ. ಧಾರಣೆ ಚೆನ್ನಾಗಿದ್ದ ವರ್ಷವಾದ್ದರಿಂದ ಅವರ ಮುಖ ಗೆಲುವಾಗಿತ್ತು. ಮಜ್ಜಿಗೆ ಕೊಟ್ಟರು, ಮಗಳ ಮದುವೆಯ ಸುದ್ದಿ ಹೇಳಿದರು, ಟಿಕೆಟನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟರು.

"ಇದೆಲ್ಲ ಎಂತಕೆ ಮಾಷ್ಟ್ರೇ? ಒಂದು ಸಾವಿರ ವಂತಿಗೆ ಬರ್ಕೊಳ್ಳಿ. ಸ್ಟೇಜಿನಲ್ಲಿ ಹೆಸರು ಹೇಳ್ಲಿಕ್ಕುಂಟಲ್ಲ?"

"ಈ ಸರ್ತಿ ಸಭಾ ಕಾರ್ಯಕ್ರಮ ಇಲ್ಲ. ನೂರು ರೂಪಾಯಿ ಕೊಟ್ಟು ನೀವು ಬಂದು ಕೂತ್ರೆ ಸಾಕು."

"ಬರ್ಲಿಕ್ಕೆ ಪುರ್ಸೊತ್ತು ಬೇಕಲ್ಲ ಮಾರಾಯ್ರೇ."

ಸಾವಿರ ಕೊಡಲು ಸಿದ್ಧರಿದ್ದವರು ಎರಡು ಗಂಟೆ ಕೊಡಲು ಹಿಂದೇಟು ಹಾಕಿದ್ದನ್ನು ನಾನು ಅವರ ತಪ್ಪೆಂದು ಹೇಳುತ್ತಿಲ್ಲ. ಈ ಅಭ್ಯಾಸವನ್ನು ಮಾಡಿಸಿದವರು ಸಂಘಟಕರಾದ ನಾವೇ. ವೇದಿಕೆಯಲ್ಲಿ ಹತ್ತು ಜನರನ್ನು ಕೂರಿಸಿ, ಹತ್ತು ಶಾಲು ಹೊದೆಸಿ, ಹತ್ತು ಹಾರ ಹಾಕಿ, ಕೊನೆಗೆ ಉಳಿದ ಅರ್ಧ ಗಂಟೆಯಲ್ಲಿ ನಾಟಕವನ್ನು ತುರುಕುವ ಕ್ರಮದಲ್ಲಿ ಹಣ ಕೊಟ್ಟವನಿಗೆ ಹೆಸರು ಸಿಗುತ್ತದೆ, ನಟರಿಗೆ ಖಾಲಿ ಕುರ್ಚಿಗಳು ಸಿಗುತ್ತವೆ. ಆ ಕೃಷಿಕರು ಕೊನೆಗೆ ವಂತಿಗೆಯನ್ನೂ ಕೊಟ್ಟರು, ಟಿಕೆಟನ್ನೂ ತೆಗೆದುಕೊಂಡರು.

ನಾವು ಆರಿಸಿಕೊಂಡದ್ದು ಮಂಜೇಶ್ವರ ಗೋವಿಂದ ಪೈಗಳ 'ಹೆಬ್ಬೆರಳು', ಏಕಲವ್ಯನ ಕಥೆ. ಊರಿನ ಕವಿ ಎಂಬ ಅಭಿಮಾನ ಒಂದು ಕಾರಣವಾದರೆ, ಕೋಶಾಧಿಕಾರಿಯ ಕಣ್ಣಿಗೆ ಮೊದಲು ಕಂಡ ಕಾರಣ ಬೇರೆಯದಿತ್ತು. ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಿದ ಮೇಲೆ ಕೃತಿಯ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪೈಗಳು ತೀರಿಕೊಂಡದ್ದು 1963ರಲ್ಲಿ, ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಆರಂಭದಿಂದ ಎಲ್ಲರವೂ ಆಗಿವೆ. ಬದುಕಿರುವ ನಾಟಕಕಾರರ ಕೃತಿಯನ್ನು ಆಡುವಾಗ ಅನುಮತಿ ಕೇಳಿ, ಚಿಕ್ಕದಾದರೂ ಒಂದು ಗೌರವಧನ ಕಳುಹಿಸಬೇಕೆಂಬುದು ನನ್ನ ಹಟ. ಹೂವಿನ ಹಾರಕ್ಕೆ ಲೆಕ್ಕವಿಲ್ಲದೆ ಖರ್ಚು ಮಾಡುವ ಸಂಘಗಳು ಈ ಒಂದು ಬಾಬತ್ತಿಗೆ ಬಂದಾಗ ಮಾತ್ರ ಬಡವಾಗುವುದನ್ನು ನೋಡಿ ನನಗೆ ಬೇಸರ ಬಂದಿದೆ.

ತಾಲೀಮು ನಡೆದದ್ದು ಒಂದು ಹಳ್ಳಿಯ ಗ್ರಂಥಾಲಯದ ಮಾಳಿಗೆಯಲ್ಲಿ. ಕೇರಳದಲ್ಲಿ ಹಳ್ಳಿಗೊಂದು ವಾಚನಾಲಯ ಕಾಣುವುದಕ್ಕೆ ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದ ಚಳವಳಿಯೇ ಮೂಲ. ಇಂದು ಆ ಗ್ರಂಥಾಲಯಗಳು ರಾಜ್ಯ ಗ್ರಂಥಾಲಯ ಪರಿಷತ್ತಿನ ಅಡಿಯಲ್ಲಿವೆ, ನಾವು ತೆರುವ ಕಟ್ಟಡ ತೆರಿಗೆಯ ಮೇಲೆ ಶೇಕಡಾ 5ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ನವೆಂಬರ್ ಒಂದರಂದು ಕೇರಳದವರು ರಾಜ್ಯ ಹುಟ್ಟಿದ ದಿನವನ್ನೂ ಕರ್ನಾಟಕದವರು ರಾಜ್ಯೋತ್ಸವವನ್ನೂ ಆಚರಿಸುವಾಗ, 1956ರಲ್ಲಿ ಗಡಿಯ ಈಚೆ ಉಳಿದ ನಾವು, ಕಾಸರಗೋಡಿನ ಈ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿದ್ದ ಮಹಾಜನ ವರದಿಯ ಮಾತೆತ್ತಿ ಭಾಷಣ ಮಾಡುತ್ತೇವೆ. ಆ ಅಸಮಾಧಾನ ನನ್ನಲ್ಲಿಯೂ ಇದೆ. ಆದರೆ ಕನ್ನಡ ನಾಟಕದ ತಾಲೀಮಿಗೆ ಜಾಗ ಕೇಳಿ ಅಲೆದಾಗ ಬಾಡಿಗೆಯಿಲ್ಲದೆ ಬಾಗಿಲು ತೆರೆದದ್ದು ಕೇರಳದ ಈ ವ್ಯವಸ್ಥೆಯೇ ಎಂಬುದನ್ನೂ ಹೇಳದೆ ಇರಲಾರೆ. ಕೆಳಗೆ ಮಲಯಾಳಂ ಪತ್ರಿಕೆ ಓದುತ್ತ ಕೂತವರು ಮೇಲಿನ ದ್ರೋಣಾಚಾರ್ಯರ ಗರ್ಜನೆಯನ್ನು ಸಹಿಸಿಕೊಂಡರು. ಗ್ರಂಥಪಾಲಕರು ಬೀಗ ಹಾಕುವ ಸಮಯ ಮೀರಿದರೂ ಕಾದರು.

ಏಕಲವ್ಯನ ಪಾತ್ರ ಮಾಡಿದವಳು ಕಾಲೇಜಿಗೆ ಹೋಗುವ ಒಬ್ಬ ಹುಡುಗಿ. ಮನೆಮಾತು ತುಳು, ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಶಾಲೆಯಲ್ಲಿ ಕಲಿತ ಲಿಪಿ ಮಲಯಾಳಂ. ಕನ್ನಡವನ್ನು ಸರಾಗವಾಗಿ ಮಾತಾಡುತ್ತಾಳೆ, ಓದಲು ಬಾರದು. ಅವಳ ಮಾತುಗಳೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮಲಯಾಳಂ ಅಕ್ಷರಗಳಲ್ಲಿದ್ದವು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ನೀಲಿ ಗೀಟು, ಎಲ್ಲಿ ನಮ್ಮ ನಿರ್ದೇಶಕರು ಬೈದಿದ್ದರೋ ಅಲ್ಲಿ ಕೆಂಪು ಸುತ್ತು. ಮಲಯಾಳಂ ಓದುವ ರೂಢಿಯಲ್ಲಿ ಎರಡು ಸ್ವರಗಳ ನಡುವಿನ ಕಕಾರ ಸಡಿಲವಾಗಿ ಬಿಡುವುದರಿಂದ 'ಏಗಲವ್ಯ' ಎಂದೇ ಅವಳ ಬಾಯಿಗೆ ಬರುತ್ತಿತ್ತು. ತಿದ್ದಿದವರು ಅವಳ ಅಜ್ಜಿ. ಪುಸ್ತಕ ಬದಿಗಿಟ್ಟು, ಅಡುಗೆಮನೆಯಲ್ಲಿ ಅಜ್ಜಿ ಹೇಳಿದ್ದನ್ನು ಇವಳು ಹೇಳುತ್ತ ಹೇಳುತ್ತ ಮಾತು ನಾಲಗೆಗೆ ಕೂತಿತು. ಗಡಿನಾಡಿನ ಕನ್ನಡ ಉಳಿಸಬೇಕೆಂದು ವೇದಿಕೆಯಿಂದ ಹೇಳುವವರು ಒಂದು ಸಲ ಆ ನೋಟ್‌ಬುಕ್ಕನ್ನು ತೆರೆದು ನೋಡಬೇಕೆಂದು ನನಗೆ ಆಸೆಯಿದೆ.

ಪ್ರದರ್ಶನ ನವೆಂಬರ್ ಒಂದರ ಗದ್ದಲ ಮುಗಿದ ನಂತರದ ಭಾನುವಾರ. ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ದಿನ ಇಟ್ಟರೆ ನಮ್ಮನ್ನು ಯಾರೂ ಕೇಳುವುದಿಲ್ಲವೆಂಬ ಭಯದಿಂದ ಆ ದಿನವನ್ನು ಹಿಡಿದಿದ್ದೆವು. ಹೊತ್ತು ಸಂಜೆ ನಾಲ್ಕೂವರೆ. ಮುಳ್ಳೇರಿಯ, ಪೆರ್ಲದ ಕಡೆಯಿಂದ ಬಂದವರು ಬಸ್ಸು ಹಿಡಿದು ಹಿಂತಿರುಗಬೇಕಾದರೆ ಏಳು ಗಂಟೆಗೆ ಪರದೆ ಇಳಿಯಲೇಬೇಕು. ದೊಡ್ಡ ನಗರಗಳಲ್ಲಿ ಏಳಕ್ಕೆ ನಾಟಕ ಶುರುವಾದರೆ ನಮ್ಮಲ್ಲಿ ಏಳಕ್ಕೆ ಮುಗಿಯುತ್ತದೆ. ಕೊನೆಯ ಬಸ್ಸಿನ ಚಿಂತೆಯಲ್ಲಿರುವ ಪ್ರೇಕ್ಷಕನಿಂದ ರಸಾನುಭವ ನಿರೀಕ್ಷಿಸುವುದು ಅನ್ಯಾಯ.

ಸಭಾಂಗಣ ಪೇಟೆಯ ಒಂದು ಶಾಲೆಯದು, ಶೀಟಿನ ಮಾಡಿನದು. ಬೆಳಗ್ಗೆ ನಾವು ಹೋದಾಗ ಲೈಟಿನವರು ಆಗಲೇ ಏಣಿಯ ಮೇಲಿದ್ದರು. ಪಯ್ಯನ್ನೂರಿನ ಕಡೆಯವರು, ಮಲಯಾಳಂ ನಾಟಕಗಳಿಗೆ ಬೆಳಕು ಕೊಟ್ಟು ಪಳಗಿದ ಕೈ, ಕನ್ನಡ ಒಂದಕ್ಷರ ಬಾರದು. ನಿರ್ದೇಶಕರು ಕಥೆ ಹೇಳಲು ತೊಡಗಿದಾಗ ತಡೆದು, ಕಥೆ ಗೊತ್ತು, ಬೆರಳು ಕತ್ತರಿಸುವ ಹೊತ್ತಿಗೆ ಹುಡುಗಿ ಎಲ್ಲಿ ನಿಲ್ಲುತ್ತಾಳೆಂದು ತೋರಿಸಿ ಸಾಕು ಎಂದರು. ಅವಳನ್ನು ಅಲ್ಲಿ ನಿಲ್ಲಿಸಿ, ಕೆಂಪು ಹಾಳೆ ಹಾಕಿದ್ದ ದೀಪವೊಂದನ್ನು ಆರಿಸಿ, ಬದಿಯಿಂದ ಬಿಳಿ ಬೆಳಕನ್ನು ಕೈಯ ಮೇಲೆ ಮಾತ್ರ ಬಿಟ್ಟರು. ನಮ್ಮ ನಿರ್ದೇಶಕರು ಕೆಂಪು ಬೇಕೆಂದು ಹಟ ಹಿಡಿದವರು ಅದನ್ನು ನೋಡಿ ಸುಮ್ಮನಾದರು. ಧ್ವನಿವರ್ಧಕದ ಅನುಮತಿ ಪತ್ರ, ಕುರ್ಚಿಯ ಲಾರಿ, ಚಹಾದ ಫ್ಲಾಸ್ಕು ಇತ್ಯಾದಿಗಳ ವಿವರದಿಂದ ಓದುಗರನ್ನು ಬಳಲಿಸುವುದಿಲ್ಲ.

ನಾಟಕಕ್ಕೆ ಮೊದಲು ಚಿಕ್ಕದೊಂದು ಕಾವ್ಯ ವಾಚನವಿತ್ತು. 2023ರ ಜನವರಿಯಲ್ಲಿ ನಮ್ಮನ್ನು ಅಗಲಿದ, ಕಾರಡ್ಕದಲ್ಲಿ ಹುಟ್ಟಿದ ಕೆ. ವಿ. ತಿರುಮಲೇಶರ ಕೆಲವು ಕವಿತೆಗಳನ್ನು ಓದಿಸಿ, ಬಳಿಕ ಊರಿನ ಕವಿಗಳು ತಮ್ಮ ಒಂದೊಂದು ಕವಿತೆ ಓದುವುದೆಂದು ಕ್ರಮ. ಕವಿಗಳೂ ಟಿಕೆಟ್ ಕೊಳ್ಳಬೇಕೆಂಬ ನಿಯಮಕ್ಕೆ ಇಬ್ಬರು ಮುನಿಸಿಕೊಂಡು ಬರಲಿಲ್ಲ. ಬಂದವರು ತಮ್ಮ ಕವಿತೆ ಓದಿದ ಕೂಡಲೆ ಚೀಲ ಹೆಗಲಿಗೇರಿಸಿ ಹೊರಡುವ ಎಂದಿನ ವಾಡಿಕೆಯನ್ನು ಬಿಟ್ಟು ಕೊನೆಯವರೆಗೆ ಕುಳಿತರು. ಹಣ ಕೊಟ್ಟವನು ನಡುವೆ ಎದ್ದುಹೋಗುವುದಿಲ್ಲವೆಂಬ ನನ್ನ ಎಣಿಕೆ ಕವಿಗಳ ವಿಷಯದಲ್ಲಿ ನಿಜವಾದದ್ದಕ್ಕೆ ನಾನು ಒಳಗೊಳಗೇ ಬೀಗಿದೆ.

ನಾಟಕ ಆರಂಭವಾಗಿ ಅರ್ಧದಷ್ಟು ಮುಗಿಯುವಾಗ ಮಳೆ ಬಂತು. ತುಲಾ ಮಾಸದ ಮಳೆ ನಮ್ಮಲ್ಲಿ ಬರುವುದೇ ಸಂಜೆಗೆ, ಗುಡುಗು ಮಿಂಚಿನ ಸಮೇತ. ಶೀಟಿನ ಮೇಲೆ ಬಿದ್ದ ಸದ್ದಿಗೆ ಮೈಕು ಸೋತಿತು. ದ್ರೋಣರು ಏನೋ ಹೇಳುತ್ತಿದ್ದಾರೆ, ಬಾಯಿ ಆಡುವುದು ಕಾಣುತ್ತದೆ, ಮಾತಿಲ್ಲ. ಬಾಗಿಲ ಬಳಿಯ ಮೇಜಿನಲ್ಲಿ ಉಳಿದ ಟಿಕೆಟ್ ಎಣಿಸುತ್ತಿದ್ದ ನಾನು, ಜನ ಇನ್ನು ಏಳುತ್ತಾರೆ, ಬಸ್ಸಿನ ನೆಪವೂ ಇದೆ ಎಂದುಕೊಂಡೆ. ಎದ್ದರು ಕೂಡ. ಹಿಂದಿನ ಸಾಲಿನ ಒಬ್ಬ ಹೆಂಗಸು ಎದ್ದು, ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುಂದೆ ಹೋಗಿ, ಮೊದಲ ಸಾಲಿಗೂ ರಂಗಕ್ಕೂ ನಡುವಿನ ಖಾಲಿ ಜಾಗದಲ್ಲಿ ಇಟ್ಟು ಕುಳಿತರು. ಅವರನ್ನು ನೋಡಿ ಮತ್ತೊಬ್ಬರು, ಆಮೇಲೆ ಒಂದು ಸಾಲಿಗೆ ಸಾಲೇ. ರಂಗದ ಮೇಲಿದ್ದವರು ಮಾತು ನಿಲ್ಲಿಸಿ, ಕುರ್ಚಿಗಳ ಸದ್ದು ಅಡಗುವವರೆಗೆ ನಿಂತಲ್ಲೇ ನಿಂತರು. ಹುಡುಗಿ ರಂಗದ ಅಂಚಿಗೆ ಬಂದು, ಮೈಕಿನ ಹಂಗು ಬಿಟ್ಟು, ಅರಣ್ಯದಲ್ಲಿ ಯಾರನ್ನೋ ಕೂಗುವವಳಂತೆ ಗಂಟಲೆತ್ತಿ ಮಾತಾಡಿದಳು. ಕಕಾರಗಳೆಲ್ಲ ಕಕಾರಗಳಾಗಿಯೇ ಕೇಳಿದವು. ಬದಿಯಡ್ಕದ ಆ ಕೃಷಿಕರು ಎರಡನೆಯ ಸಾಲಿನಲ್ಲಿದ್ದರು, ಅವರ ಪಕ್ಕದಲ್ಲಿ ಮಗಳೂ ಇದ್ದಳು.

ಮುಗಿದ ಮೇಲೆ ಲೈಟಿನವರು ತಂತಿ ಸುತ್ತುತ್ತ "ನನ್ನಾಯಿ ಮಾಷೇ" (ಚೆನ್ನಾಯ್ತು ಮಾಷ್ಟ್ರೇ) ಎಂದರು. ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ, ನಾನು ಬಿಡಿ ಎಂದು ಕೇಳಲೂ ಇಲ್ಲ. ಕಲೆಯ ಹೆಸರಿನಲ್ಲಿ ಕೆಲಸಗಾರರ ಕೂಲಿ ಕಡಿಯುವುದು ಬೆಂಬಲದ ತಲೆಕೆಳಗಾದ ರೂಪ ಎಂದು ನಾನು ತಿಳಿದಿದ್ದೇನೆ.

ಲೆಕ್ಕ ಹಾಕಿದಾಗ ಟಿಕೆಟಿನ ಹಣದಿಂದ ಸಭಾಂಗಣ, ಲೈಟು, ಮೈಕು, ಕುರ್ಚಿ ಇಷ್ಟರ ಖರ್ಚು ತೀರಿತು. ವೇಷಭೂಷಣ, ಪ್ರಸಾಧನ, ತಾಲೀಮಿನ ಸಂಜೆಗಳ ಚಹಾ ತಿಂಡಿ ವಂತಿಗೆಯಿಂದ ಹೋಯಿತು. ಟಿಕೆಟ್ ಇಟ್ಟರೆ ನಾಟಕ ತನ್ನ ಕಾಲ ಮೇಲೆ ನಿಲ್ಲುತ್ತದೆಂದು ನಾನು ಹೇಳಿದರೆ ಸುಳ್ಳಾಗುತ್ತದೆ, ಈ ಊರಿನ ಗಾತ್ರಕ್ಕೆ ಅದು ಆಗುವ ಮಾತಲ್ಲ. ಆದರೆ ಬಂದು ಕುಳಿತವರು ನಾಟಕಕ್ಕಾಗಿಯೇ ಬಂದಿದ್ದರು. ಲೆಕ್ಕದಲ್ಲಿ ಎಲ್ಲೂ ಕಾಣಿಸದ ಒಂದು ಖರ್ಚು ಮಾತ್ರ ನನ್ನನ್ನು ಕಾಡಿತು. ತಾಲೀಮಿಗೆ ದೂರದಿಂದ ಬರುತ್ತಿದ್ದ ಹುಡುಗ ಹುಡುಗಿಯರು ಬಸ್ಸಿನ ಹಣವನ್ನೂ, ಬಸ್ಸು ತಪ್ಪಿದ ದಿನಗಳ ಆಟೋ ಬಾಡಿಗೆಯನ್ನೂ ತಮ್ಮ ಕೈಯಿಂದಲೇ ಹಾಕಿಕೊಂಡಿದ್ದರು.

ಮುಂದಿನ ಸಭೆಯಲ್ಲಿ ಇದನ್ನೇ ಎತ್ತಿದೆ. ಹಾರ, ಶಾಲು, ಸ್ಮರಣಿಕೆಗಳ ಬಾಬತ್ತನ್ನು ಪೂರ್ತಿ ಕೈಬಿಟ್ಟು ಆ ಮೊತ್ತವನ್ನು ತಾಲೀಮಿನ ಪ್ರಯಾಣಕ್ಕೆ ಇಡಬೇಕೆಂಬ ಠರಾವು ಬಿಸಿ ಚರ್ಚೆಯ ಬಳಿಕ ಪಾಸಾಯಿತು. ಸನ್ಮಾನವಿಲ್ಲದಿದ್ದರೆ ದೊಡ್ಡ ದಾನಿಗಳು ಕೈಬಿಡುತ್ತಾರೆಂದು ಒಬ್ಬರು ಲಿಖಿತವಾಗಿ ಆಕ್ಷೇಪ ಕೊಟ್ಟಿದ್ದಾರೆ, ಅದೂ ನಡಾವಳಿ ಪುಸ್ತಕದಲ್ಲಿದೆ, ಮತ್ತು ಅವರ ಮಾತು ಪೂರ್ತಿ ತಪ್ಪೆಂದು ನನಗೂ ಅನ್ನಿಸುವುದಿಲ್ಲ. ಮುಂದಿನ ಪ್ರದರ್ಶನವನ್ನು ಮುಳ್ಳೇರಿಯದಲ್ಲಿ ಮಾಡೋಣ, ಪ್ರೇಕ್ಷಕರು ಬಸ್ಸು ಹಿಡಿದು ಪೇಟೆಗೆ ಬರುವ ಬದಲು ಹತ್ತು ಮಂದಿ ನಟರು ಅಲ್ಲಿಗೆ ಹೋಗುವುದು ಸುಲಭವೆಂದು ಆ ಹುಡುಗಿಯೇ ಸಲಹೆ ಕೊಟ್ಟಳು. ಲೈಟಿನವರು ಒಪ್ಪಿದ್ದಾರೆ. ಟಿಕೆಟ್ ನೂರೇ ಇರಲಿ, ವಿದ್ಯಾರ್ಥಿಗಳಿಗೆ ಅರ್ಧ ಎಂದಾಗಿದೆ. ಸಭಾಂಗಣ ಇನ್ನೂ ಸಿಕ್ಕಿಲ್ಲ.