ಎಳೆಯ ತುದಿ

ನಮಗೆ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಮೇಡಂ ಉಪನ್ಯಾಸದಲ್ಲಿ ಅಷ್ಟೇನೂ ಚತುರರಾಗಿರಲಿಲ್ಲ. ಬೋರ್ಡಿಗೆ ಮುಖ ಮಾಡಿಯೇ ಮಾತನಾಡುತ್ತಿದ್ದರು, ಕೊನೆಯ ಬೆಂಚಿನವರಿಗೆ ಅರ್ಧವೂ ಕೇಳಿಸುತ್ತಿರಲಿಲ್ಲ. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ. ಬಣ್ಣದ ಪೆನ್ಸಿಲ್ ಅದಲುಬದಲಾದರೆ ರೆಕಾರ್ಡ್ ಪುಸ್ತಕ ವಾಪಸ್ ಬರುತ್ತಿತ್ತು. ಈ ಬಣ್ಣದ ಹಟದ ಬಗ್ಗೆ ನನಗೆ ಈಗಲೂ ಸ್ವಲ್ಪ ಮುನಿಸಿದೆ. ಅವರ ನಿಜವಾದ ಪಾಠವೆಲ್ಲ ಶವ ಬಿಡಿಸಿ ನೋಡುವ ಡಿಸೆಕ್ಷನ್ ಕೋಣೆಯಲ್ಲಿ, ಶವ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಘಾಟಿಗೆ ನಮ್ಮ ಕಣ್ಣುಗಳಲ್ಲಿ ನೀರು ಸುರಿಯುತ್ತಿರುವಾಗ ನಡೆಯುತ್ತಿತ್ತು.

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಶಿಡ್ಲಘಟ್ಟದಿಂದ ಕೋಲಾರದ ಮೆಡಿಕಲ್ ಕಾಲೇಜಿಗೆ ಬಂದವನು ನಾನು. ಮೊದಲ ವಾರಗಳಲ್ಲೇ ಕಂಕುಳಿನ ಭಾಗವನ್ನು ಬಿಡಿಸುವಾಗ, ಕೊಬ್ಬಿನ ಜೊತೆಗೆ ಒಂದು ಸಣ್ಣ ಎಳೆಯನ್ನೂ ಕತ್ತರಿಸಿ ಎಸೆದೆ. ಮೇಡಂ ಅದನ್ನು ಚಿಮಟದಂಥ ಫೋರ್ಸೆಪ್ಸ್‌ನಲ್ಲಿ ಎತ್ತಿ ಹಿಡಿದರು. "ಇದು ಇಂಟರ್‌ಕಾಸ್ಟೊಬ್ರೇಕಿಯಲ್ ನರ. ತೋಳಿನ ಒಳಮಗ್ಗುಲನ್ನು ಯಾರಾದರೂ ಮುಟ್ಟಿದರೆ ಈ ಅಜ್ಜನಿಗೆ ಗೊತ್ತಾಗುತ್ತಿದ್ದುದು ಇದರಿಂದ." ಮೇಜಿನ ಮೇಲಿದ್ದ ದೇಹವನ್ನು ಅವರು ಕರೆಯುತ್ತಿದ್ದುದು ಅಜ್ಜ ಎಂದೇ. ಆಮೇಲೆ ಕೇಳಿದರು, "ಮನೆಯಲ್ಲಿ ಏನು ಕೆಲಸಪ್ಪಾ?"

"ರೇಷ್ಮೆ ಬಿಚ್ಚಾಣಿಕೆ, ಮೇಡಂ."

"ಹಾಗಾದರೆ ನಾನು ನಿನಗೆ ಏನು ಹೇಳಿಕೊಡಲಿ? ಬೆಂದ ಗೂಡಿನಿಂದ ನಿಮ್ಮಮ್ಮ ಎಳೆಯ ತುದಿಯನ್ನು ಕತ್ತರಿ ಹಿಡಿದು ಹುಡುಕುತ್ತಾರೆಯೇ?"

ಅಂದಿನಿಂದ ಬ್ಲೇಡನ್ನು ಪಕ್ಕಕ್ಕಿಟ್ಟು, ಫೋರ್ಸೆಪ್ಸ್‌ನ ಮೊಂಡು ತುದಿಯಿಂದ ಕೊಬ್ಬನ್ನು ಸರಿಸುವುದನ್ನು ಕಲಿತೆ. ಬಿಸಿನೀರಿನಲ್ಲಿ ಬೆರಳಾಡಿಸುತ್ತಿದ್ದ ಅಮ್ಮನ ಕೈ ಆಗಾಗ ನೆನಪಾಗುತ್ತಿತ್ತು.

ಇನ್ನೊಂದು ದಿನ ನನ್ನ ಎರಡೂ ಅಂಗೈಗಳಲ್ಲಿ ಒಂದೊಂದು ಬೆನ್ನುಮೂಳೆಯನ್ನಿಟ್ಟು "ತೂಗಿ ನೋಡು" ಎಂದರು. ಒಂದು ಹಗುರ. ಇನ್ನೊಂದು ಸುಣ್ಣದ ಗಟ್ಟಿಯಂತೆ ಭಾರ, ಅಂಚುಗಳಲ್ಲೆಲ್ಲ ಮುಳ್ಳುಮುಳ್ಳು. ಎರಡನೆಯದು ಫ್ಲೋರೋಸಿಸ್ ಮೂಳೆ. ನಮ್ಮ ಸೀಮೆಯಲ್ಲಿ ಕೆರೆ ಒಣಗಿದಂತೆಲ್ಲ ಬೋರ್‌ವೆಲ್ ಆಳಕ್ಕಿಳಿಯುತ್ತದೆ, ಗ್ರಾನೈಟ್ ಬಂಡೆಯ ಫ್ಲೋರೈಡ್ ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಂದು ತಿರುಗುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ ದಪ್ಪವಾಗಿಯೂ ಪೆಡಸಾಗುತ್ತದೆ, ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜುಗಳು ಸುಣ್ಣಗಟ್ಟಿ ಬೆನ್ನು ಬಾಗದಂತಾಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಗುವುದು ಕೆಲವೇ ಸಾಲು. ಮೇಡಂ ಅದಕ್ಕೆ ಇಡೀ ಮಧ್ಯಾಹ್ನ ಕೊಟ್ಟರು. ಬಾಗೇಪಲ್ಲಿ, ಮುಳಬಾಗಿಲು ಕಡೆಯ ಹುಡುಗರನ್ನು ನಿಲ್ಲಿಸಿ ಮನೆಗೆ ಯಾವ ನೀರು ಬರುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲವಲ್ಲ ಎಂದು ಹಿಂದೆ ಯಾರೋ ಗೊಣಗಿದ. ಗೊಣಗಿದವನು ನಾನೇ ಇರಬಹುದು.

ಪರೀಕ್ಷೆ, ಫಲಿತಾಂಶ ಎಲ್ಲ ಎಲ್ಲರಂತೆ ಮುಗಿದವು. ಮೇಡಂ ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ತಡವಾಗಿ.

ಈಗ ನಾನಿರುವುದು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ಮೊನ್ನೆ ಒಬ್ಬ ರೈತರು ಬಂದಿದ್ದರು. ಹೆಸರು ಕೂಗಿದಾಗ ಕತ್ತು ಹೊರಳಲಿಲ್ಲ, ಇಡೀ ಮೈ ತಿರುಗಿತು. ನೋವಿನ ಮಾತ್ರೆ ಬರೆಯಲು ಎತ್ತಿಕೊಂಡ ಪೆನ್ನನ್ನು ಕೆಳಗಿಟ್ಟೆ.

"ಯಾವ ಊರು ಯಜಮಾನರೇ? ಬೋರ್‌ವೆಲ್ ಎಷ್ಟು ಅಡಿ?"