ಸೋಯಾ ಮಾತ್ರೆ ನುಂಗಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದಿಲ್ಲವೇ?

ನಾನು ಆಹಾರತಜ್ಞೆ ಎಂದು ಗೊತ್ತಾದರೆ ಸಾಕು, ಐವತ್ತು ದಾಟಿದ ಗಂಡಸರು ಕೇಳುವುದು ಹೆಚ್ಚುಕಮ್ಮಿ ಇದನ್ನೇ: "ಮೇಡಂ, ಸೋಯಾ ಕ್ಯಾಪ್ಸೂಲ್ ತಗೊಂಡ್ರೆ ಪ್ರಾಸ್ಟೇಟ್ ಕ್ಯಾನ್ಸರ್ ಬರಲ್ವಂತೆ, ನಿಜಾನಾ?" ಎಷ್ಟೋ ಸಲ ಅವರ ಪರವಾಗಿ ಹೆಂಡತಿಯೇ ಕೇಳಿರುತ್ತಾರೆ. ಅದಕ್ಕೆ ಪುರಾವೆ ಇಲ್ಲ, ಅದಕ್ಕೆಂದೇ ದುಡ್ಡು ಹಾಕಬೇಡಿ ಅನ್ನುತ್ತೇನೆ.

ಹಾಗಂತ ಇದು ಬುಡವಿಲ್ಲದ ಮಾತಲ್ಲ. ಸೋಯಾ ಹೆಚ್ಚು ತಿನ್ನುವ ಜಪಾನಿನಲ್ಲಿ ಈ ಕ್ಯಾನ್ಸರ್ ಅಮೆರಿಕಕ್ಕಿಂತ ಬಹಳ ಕಡಿಮೆ ಕಾಣುತ್ತಿತ್ತು. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರಲ್ಲಿ ಏರಿತು. ಸೋಯಾದಲ್ಲಿರುವ ಜೆನಿಸ್ಟೀನ್‌ನಂಥ ಐಸೊಫ್ಲೇವೋನ್ ಎಂಬ ರಾಸಾಯನಿಕಗಳು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ನನ್ನು ಹೋಲುತ್ತವೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನೂ ತಗ್ಗಿಸುತ್ತವೆ. ಆದರೆ ವಲಸೆ ಹೋದವರು ಬಿಟ್ಟದ್ದು ಸೋಯಾ ಒಂದನ್ನೇ ಅಲ್ಲವಲ್ಲ! ಊಟ, ಮೈತೂಕ, ತಪಾಸಣೆ ಮಾಡಿಸಿಕೊಳ್ಳುವ ರೂಢಿ ಎಲ್ಲವೂ ಬದಲಾಗಿತ್ತು.

ಇಂಥ ಗೊಂದಲ ಬಿಡಿಸಲು ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಬೇಕು. 2013ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂಥದೊಂದು ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅದರಲ್ಲಿದ್ದ 177 ಮಂದಿಯೂ ಕ್ಯಾನ್ಸರ್‌ಗಾಗಿ ಪ್ರಾಸ್ಟೇಟ್ ತೆಗೆಸಿಕೊಂಡವರು, ಮತ್ತೆ ಬರುವ ಅಪಾಯ ಹೆಚ್ಚಿದ್ದವರು. ಒಂದು ಗುಂಪಿಗೆ ದಿನಕ್ಕೆ 20 ಗ್ರಾಂ ಸೋಯಾ ಪ್ರೋಟೀನಿನ ಪುಡಿ, ಇನ್ನೊಂದಕ್ಕೆ ಅಷ್ಟೇ ಹಾಲಿನ ಪ್ರೋಟೀನಿನ ಪುಡಿ, ಎರಡು ವರ್ಷ ಕುಡಿಯಬೇಕು. ಪಿಎಸ್ಎ ಅಂದರೆ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್; ಗ್ರಂಥಿಯೇ ಇಲ್ಲದ ಮೇಲೆ ರಕ್ತದಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಏರಿದರೆ ರೋಗ ಮರಳಿದೆ ಎಂದರ್ಥ. ಸೋಯಾ ಕುಡಿದವರಲ್ಲಿ ಶೇ. 27.2 ಮಂದಿಗೆ ಮರಳಿತು, ಹಾಲಿನ ಪುಡಿ ಕುಡಿದವರಲ್ಲಿ ಶೇ. 29.5. ಆ ವ್ಯತ್ಯಾಸ ಲೆಕ್ಕಕ್ಕೇ ಬರುವಂಥದ್ದಲ್ಲ. ಮುಂದುವರಿಸಿ ಪ್ರಯೋಜನವಿಲ್ಲವೆಂದು ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.

ಅದು ಆಪರೇಷನ್ ಆದವರ ಕತೆ, ನನಗಿನ್ನೂ ಬಂದಿಲ್ಲವಲ್ಲ ಅನ್ನುತ್ತೀರಾ? ಕೆನಡಾದಲ್ಲಿ ಕ್ಯಾನ್ಸರ್‌ಗೆ ಮುನ್ನಿನ ಬದಲಾವಣೆ ಬಯಾಪ್ಸಿಯಲ್ಲಿ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆಯಲ್ಲಿ) ಕಂಡಿದ್ದ 303 ಗಂಡಸರ ಮೇಲೆ ಮೂರು ವರ್ಷದ ಪರೀಕ್ಷೆ ನಡೆದಿತ್ತು. ಸೋಯಾ ಜೊತೆಗೆ ವಿಟಮಿನ್ ಇ, ಸೆಲೆನಿಯಮ್ ಕೂಡ ಕೊಟ್ಟಿದ್ದರು. ಅಲ್ಲೂ ಫಲವಿಲ್ಲ.

"ಹೋಗ್ಲಿ ಬಿಡಿ, ನಷ್ಟವಂತೂ ಇಲ್ಲವಲ್ಲ" ಎಂಬ ಮಾತು ನನಗೆ ಹಿಡಿಸುವುದಿಲ್ಲ. ವಿಟಮಿನ್ ಇ ಬಗ್ಗೆಯೂ ಹೀಗೇ ಅಂದುಕೊಂಡಿದ್ದರು. ಸೆಲೆಕ್ಟ್ ಎಂಬ ಅಧ್ಯಯನದಲ್ಲಿ 35,000ಕ್ಕೂ ಹೆಚ್ಚು ಗಂಡಸರಿದ್ದರು; ಬರೀ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೇ ಆಯಿತೆಂದು 2011ರಲ್ಲಿ ಗೊತ್ತಾಯಿತು. ಸೋಯಾ ಹೀಗೆ ಮಾಡುತ್ತದೆ ಅಂತಲ್ಲ. ಆದರೆ ಥೈರಾಯ್ಡ್ ಮಾತ್ರೆ ನುಂಗುವವರು ಗಮನಿಸಿ: ಸೋಯಾ ಅದನ್ನು ಮೈಗೆ ಸರಿಯಾಗಿ ಹತ್ತಗೊಡದಿರಬಹುದು, ಡಾಕ್ಟರಿಗೆ ತಿಳಿಸಿ.

ತಿನ್ನುವ ಸೋಯಾ ಬೇರೆ ವಿಷಯ. ಒಳ್ಳೆಯ ಪ್ರೋಟೀನ್, ರುಚಿಸಿದರೆ ಧಾರಾಳವಾಗಿ ತಿನ್ನಿ. ಗಂಡಸುತನ ಕುಗ್ಗುತ್ತದೆಂಬ ಭಯ ಬೇಡ. ಸಾಮಾನ್ಯ ಪ್ರಮಾಣದಲ್ಲಿ ತಿಂದರೆ ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನ್ ಇಳಿಯುವುದಿಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಪಿಎಸ್ಎ ಪರೀಕ್ಷೆಯ ಬಗ್ಗೆ ಡಾಕ್ಟರ ಹತ್ತಿರ ಬೇಗನೇ ಮಾತಾಡಿ. ಇನ್ನು, ಪಿಎಸ್ಎ ಏರಿದೆ, ಕೆಲವು ತಿಂಗಳು ಸೋಯಾ ಪುಡಿ ಕುಡಿದು ನೋಡ್ತೀನಿ ಅನ್ನುವವರಿಗೆ ಮಾತ್ರ ಖಡಕ್ಕಾಗಿಯೇ ಹೇಳುತ್ತೇನೆ: ಪುಡಿ ಆಮೇಲೆ ನೋಡೋಣ, ಈ ವಾರವೇ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞರ) ಹತ್ತಿರ ಹೋಗಿ.